ನೆಟ್ ಕರ್ಟನ್ ಹಾಕಿದರೆ ಹಳೇಕಾಲದವರು ಅಂತಾರಾ?

ಕಳೆದ ಸಂಚಿಕೆಯಲ್ಲಿ ಹಾಲ್‌ನ ಕಿಟಕಿಗಳ ಬಗ್ಗೆ ಬರೆಯುವಾಗ ಒಂದು ಸಾಲು ಸುಮ್ನೆ ಎಸೆದುಬಿಟ್ಟಿದ್ದೆ: "ನೆಟ್ ಕರ್ಟನ್ ಕಾಲ ಮುಗಿಯಿತು ಬಿಡಿ." ಅಷ್ಟೇ. ಅದಕ್ಕೆ ಬಂದಿರುವ ಪತ್ರಗಳನ್ನು ನೋಡಿದರೆ ಮುಗಿದಿರುವುದು ನನ್ನ ಕಾಲವೇ ಇರಬೇಕು ಅನ್ನಿಸುತ್ತಿದೆ. ಬೈದವರಿದ್ದಾರೆ, ನಕ್ಕವರಿದ್ದಾರೆ, ತಮ್ಮ ಮನೆ ಪರದೆಯ ಫೋಟೋ ಕಳಿಸಿ "ಇದನ್ನು ನೋಡಿ ಆಮೇಲೆ ಮಾತಾಡಿ" ಅಂದವರೂ ಇದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ತಪ್ಪು ಮಾತಾಡಿದವಳು ನಾನೇ ಆದ್ದರಿಂದ ದಂಡ ಕಟ್ಟಲೇಬೇಕಲ್ವಾ.

ಪ್ರಶ್ನೆ: ಹೊಸ ಮನೆಗೆ ಬಂದು ಎರಡು ತಿಂಗಳಾಯಿತು. ಹಾಲ್‌ನ ದೊಡ್ಡ ಕಿಟಕಿಗೆ ಬಿಳಿ ನೆಟ್ ಕರ್ಟನ್ ಹಾಕಬೇಕು ಅಂತ ನನಗೆ ಆಸೆ. ನಾದಿನಿ ಬಂದವಳು "ಅತ್ತಿಗೆ, ಇದನ್ನೆಲ್ಲ ಈಗ ಯಾರು ಹಾಕ್ತಾರೆ, ಬ್ಲೈಂಡ್ಸ್ ಹಾಕಿಸಿ" ಅಂದಳು. ಮೇಲಿಂದ ನೀವೂ ಹಾಗೇ ಬರೆದಿರಿ. ಅವಳು ಆ ಪುಟವನ್ನು ನನಗೆ ವಾಟ್ಸಾಪ್ ಮಾಡಿದ್ದಾಳೆ! ಯಜಮಾನರನ್ನು ಕೇಳಿದರೆ "ಏನೋ ಒಂದು ಹಾಕಿ ಮುಗಿಸು" ಅನ್ನುತ್ತಾರೆ. ನಿಜಕ್ಕೂ ಇದು ಹಳೇ ಫ್ಯಾಶನ್ನಾ?

ಉತ್ತರ: ಮೊದಲು ಈ ಪುಟವನ್ನೂ ನಾದಿನಿಗೆ ವಾಟ್ಸಾಪ್ ಮಾಡಿ. ಅವರು ಹೇಳಿದ್ದು ಅರ್ಧ ಸರಿ, ನಾನು ಬರೆದದ್ದೂ ಅಷ್ಟೇ. ಹಳೇದಾಗಿ ಹೋಗಿರುವುದು ನೆಟ್ ಹಾಕುತ್ತಿದ್ದ ರೀತಿ. ಬಟ್ಟೆ ಇನ್ನೂ ಚೆನ್ನಾಗೇ ಓಡುತ್ತಿದೆ, ಅಂಗಡಿಯಲ್ಲಿ ಹೆಸರು ಮಾತ್ರ "ಶಿಯರ್" ಅಂತ ಆಗಿದೆ.

ಆ ಹಳೇ ರೀತಿ ನೆನಪು ಮಾಡಿಕೊಳ್ಳಿ. ಕಿಟಕಿ ಚೌಕಟ್ಟಿನ ಆ ಕಡೆಗೊಂದು ಈ ಕಡೆಗೊಂದು ಮೊಳೆ, ನಡುವೆ ಪ್ಲಾಸ್ಟಿಕ್ ಸುತ್ತಿದ ಸ್ಪ್ರಿಂಗ್ ತಂತಿ, ಆ ತಂತಿ ಮಧ್ಯದಲ್ಲಿ ಜೋತುಬಿದ್ದು ಪರದೆ ನಗುವ ಬಾಯಿಯ ಹಾಗೆ ಬಾಗಿರುತ್ತಿತ್ತು. ಬಟ್ಟೆ ಕಿಟಕಿ ಎಷ್ಟು ಅಗಲವೋ ಅಷ್ಟೇ, ನೆರಿಗೆ ಅನ್ನುವುದೇ ಇಲ್ಲ. ಮೇಲೆ ಅಂಗೈ ಅಗಲದ ಗುಲಾಬಿ ಹೂವು, ಕೆಳಗೆ ಫ್ರಿಲ್ಲು, ಕಿಟಕಿ ಕಟ್ಟೆಯಿಂದ ಎರಡು ಬೆರಳು ಮೇಲಕ್ಕೇ ನಿಂತುಬಿಡುತ್ತಿತ್ತು. ಒಗೆದು ಒಗೆದು ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ಒಂಥರಾ ಬಣ್ಣ. ಅದನ್ನು ಇವತ್ತು ಹಾಗೇ ತೂಗುಹಾಕಿದರೆ ಹಳೇಕಾಲದ್ದು ಅನ್ನಿಸುವುದು ಖಂಡಿತ. ನಿಮ್ಮ ನಾದಿನಿಯ ಕಣ್ಣಿಗೆ ಬಂದದ್ದೂ ಅದೇ ಚಿತ್ರ ಇರಬೇಕು.

ಈಗ ಅದೇ ನೆಟ್ ಬೇರೆ ಥರ ಬರುತ್ತಿದೆ. ಹೂವಿಲ್ಲ, ಫ್ರಿಲ್ಲಿಲ್ಲ. ಸಾದಾ ಬಿಳಿ, ಕೆನೆ ಬಣ್ಣ, ತಿಳಿ ಬೂದು. ಮೇಲಿಂದ ನೆಲದವರೆಗೆ ಒಂದೇ ಸಮ ಇಳಿಯುತ್ತದೆ. ಗೋಡೆ ತುಂಬ ಗಾಜು ಇಡುವ ಮನೆಗಳು ಜಾಸ್ತಿಯಾದ ಮೇಲೆ ಇದು ಬೇಕೇಬೇಕಾಗಿದೆ ಅಂತ ನನ್ನ ಲೆಕ್ಕ. ಅಷ್ಟು ದೊಡ್ಡ ಗಾಜಿಗೆ ದಪ್ಪ ಪರದೆ ಎಳೆದರೆ ಹಗಲಲ್ಲೇ ಕತ್ತಲೆ, ಎಳೆಯದಿದ್ದರೆ ಎದುರು ಮನೆಯವರ ಜೊತೆ ಕೂತ ಹಾಗೆ. ಜೊತೆಗೆ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂರುವವರಿಗೆ ಪರದೆಯಿಲ್ಲದ ಕಿಟಕಿಯ ಬೆಳಕು ಸ್ಕ್ರೀನ್ ಮೇಲೆ ಹೊಡೆಯುತ್ತದೆ. ನೆಟ್ ಆ ಚುಚ್ಚುವ ಬೆಳಕನ್ನು ಹರಡಿ ಮೆತ್ತಗೆ ಮಾಡುತ್ತದೆ. ಬ್ಲೈಂಡ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ದಪ್ಪ ಬಟ್ಟೆಯ ರೋಲರ್ ಬ್ಲೈಂಡ್ ಇಳಿಸಿದರೆ ಕತ್ತಲೆ, ಏರಿಸಿದರೆ ಬಯಲು. ಎರಡನ್ನೂ ಒಂದೇ ಕಿಟಕಿಗೆ ಹಾಕಬಹುದು: ಚೌಕಟ್ಟಿನೊಳಗೆ ಬ್ಲೈಂಡ್, ಅದರ ಮುಂದೆ ನೆಟ್. ಅತ್ತಿಗೆಯೂ ಖುಷಿ, ನಾದಿನಿಯೂ ಖುಷಿ.

ಹಾಕುವುದು ಹೇಗೆ ಅನ್ನುವುದರಲ್ಲೇ ಎಲ್ಲ ಇದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾಡನ್ನು ಕಿಟಕಿ ಚೌಕಟ್ಟಿಗೆ ಅಂಟಿಸಿದ ಹಾಗೆ ಹಾಕಿಸಬೇಡಿ, ಅರ್ಧ ಅಡಿಗಿಂತ ಜಾಸ್ತಿಯೇ ಮೇಲಕ್ಕೆ ಹೋಗಲಿ, ಚಾವಣಿ ಹತ್ತಿರವಿದ್ದರೆ ಚಾವಣಿಯವರೆಗೂ ಹೋಗಲಿ. ಅಕ್ಕಪಕ್ಕದಲ್ಲೂ ಅರ್ಧರ್ಧ ಅಡಿ ಹೊರಗೆ ಬರಲಿ. ಇನ್ನು ಬಟ್ಟೆ. ಎಲ್ಲರೂ ಎಡವುವುದು ಇಲ್ಲೇ. ನೆಟ್ ತೆಳು ಬಟ್ಟೆ, ಅದಕ್ಕೆ ಅಂದ ಬರುವುದು ನೆರಿಗೆಯಿಂದ. ರಾಡಿನ ಉದ್ದದ ಎರಡೂವರೆ ಪಟ್ಟು ಬಟ್ಟೆ ಬೇಕು. ನಿಮ್ಮ ಕಿಟಕಿ 5 ಅಡಿ ಅಗಲ ಅಂದುಕೊಳ್ಳಿ. ರಾಡು 6 ಅಡಿ ಆಯಿತು, ಬಟ್ಟೆ 15 ಅಡಿ ಅಗಲ ಬೇಕಾಯಿತು. ರೆಡಿಮೇಡ್ ಪರದೆ ಒಂದೊಂದು 4 ಅಡಿ ಅಗಲ ಇದ್ದರೆ ನಾಲ್ಕು ತರಬೇಕು. "ಒಂದು ಕಿಟಕಿಗೆ ನಾಲ್ಕಾ?" ಅಂತ ಮನೆಯಲ್ಲಿ ಕೂಗು ಏಳುತ್ತದೆ, ಏಳಲಿ. ಎರಡೇ ತಂದು ಬಿಗಿಯಾಗಿ ಎಳೆದು ಕಟ್ಟಿದರೆ ಅದು ಪರದೆ ಅನ್ನಿಸುವುದಿಲ್ಲ, ಗಾಯಕ್ಕೆ ಕಟ್ಟಿದ ಬ್ಯಾಂಡೇಜಿನ ಹಾಗಿರುತ್ತದೆ. ದುಡ್ಡು ಉಳಿಸಬೇಕು ಅಂದರೆ ಸಾಧಾರಣ ಬಟ್ಟೆಯನ್ನೇ ತನ್ನಿ, ಆದರೆ ಜಾಸ್ತಿ ತನ್ನಿ. ಒಳ್ಳೇ ನೆಟ್ ಕಡಿಮೆ ಹಾಕುವುದಕ್ಕಿಂತ ಸಾಧಾರಣ ನೆಟ್ ಧಾರಾಳವಾಗಿ ಹಾಕಿದ್ದು ಎಷ್ಟೋ ಚೆನ್ನಾಗಿ ಕಾಣುತ್ತದೆ.

ಕೆಳಗಿನ ಅಂಚು ನೆಲಕ್ಕೆ ಅರ್ಧ ಇಂಚು ಮೇಲಿರಲಿ. ನೆಲದ ಮೇಲೆ ಬಿದ್ದು ಹರಡಿಕೊಂಡಿರುವ ಪರದೆ ಫೋಟೋದಲ್ಲಿ ಚಂದ, ಮನೆಯಲ್ಲಿ ಅದು ಕಸಬರಿಕೆ.

ಪ್ರಶ್ನೆ: ನೆಟ್ ಹಾಕಿದ್ದೇವೆ, ಹಗಲು ಹೊರಗಿನಿಂದ ಏನೂ ಕಾಣುವುದಿಲ್ಲ. ರಾತ್ರಿಯೂ ಕಾಣುವುದಿಲ್ಲ ಅಂತ ನಮ್ಮ ಮನೆಯವರ ವಾದ. ನನಗೆ ಅನುಮಾನ. ಯಾರು ಸರಿ?

ಉತ್ತರ: ನಿಮ್ಮ ಅನುಮಾನ ಸರಿ, ಚೆನ್ನಾಗೇ ಕಾಣುತ್ತದೆ.

ನಾನೂ ನಿಮ್ಮ ಮನೆಯವರ ಹಾಗೇ ನಂಬಿಕೊಂಡು ಒಂದೆರಡು ವರ್ಷ ನೆಮ್ಮದಿಯಾಗಿದ್ದೆ. ಒಂದು ರಾತ್ರಿ ಕರೆಂಟು ಬಿಲ್ ಬಂದಿದೆಯೇನೋ ಅಂತ ಕೆಳಗೆ ಹೋದವಳು ವಾಪಸ್ ಬರುವಾಗ ಸುಮ್ನೆ ತಲೆ ಎತ್ತಿ ನಮ್ಮ ಕಿಟಕಿ ನೋಡಿದೆ. ನಮ್ಮವರು ಸೋಫಾದ ಮೇಲೆ ಕಾಲು ಮಡಚಿ ಕೂತು ಬೆನ್ನು ಕೆರೆದುಕೊಳ್ಳುತ್ತಿದ್ದರು, ಸ್ಕೇಲಿನಿಂದ. ಅದು ಮಗಳ ಹಸಿರು ಸ್ಕೇಲು ಅನ್ನುವುದೂ ರಸ್ತೆಗೆ ಕಾಣುತ್ತಿತ್ತು. ಅಷ್ಟು ದಿನ ಊರಿಗೆಲ್ಲ ಪುಕ್ಕಟೆ ಸಿನಿಮಾ ತೋರಿಸಿದ್ದೆವು.

ಇದರಲ್ಲಿ ಮಾಯ ಏನೂ ಇಲ್ಲ, ಬೆಳಕಿನ ಲೆಕ್ಕ ಅಷ್ಟೇ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ನಡು ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ, ಮೋಡವಿದ್ದರೂ ಸಾವಿರಗಳಲ್ಲೇ ಲೆಕ್ಕ. ಮನೆಯೊಳಗೆ ದೀಪ ಹಾಕಿದರೂ ನೂರು, ಇನ್ನೂರು, ಮುನ್ನೂರು. ಹಗಲು ಹೊರಗಿನ ಬೆಳಕು ಬಿದ್ದು ನೆಟ್ಟಿನ ಎಳೆಗಳೇ ಬೆಳ್ಳಗೆ ಹೊಳೆಯುತ್ತವೆ, ಹಿಂದಿರುವ ಮಬ್ಬು ಕೋಣೆ ಆ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಒಳಗಿದ್ದವರಿಗೆ ಹೊರಗಿನ ಬೆಳಗುವ ಜಗತ್ತು ಎಳೆಗಳ ಸಂದಿಯಿಂದ ಕಾಣುತ್ತದೆ. ಸಂಜೆ ದೀಪ ಹಾಕಿದ ಕೂಡಲೇ ಇದು ಪೂರ್ತಿ ತಿರುಗುಮುರುಗು. ಈಗ ಬೆಳಗುತ್ತಿರುವುದು ನೀವು, ಕತ್ತಲಲ್ಲಿ ನಿಂತು ನೋಡುವವರು ಅವರು. ಮೋಡ ಕವಿದ ದಿನ ಹಗಲಲ್ಲೇ ದೀಪ ಹಾಕಿ ಕೂತರೂ ಸ್ವಲ್ಪ ಇದೇ ಕಥೆ.

ನಂಬದಿದ್ದರೆ ಮನೆಯವರನ್ನು ಹಾಲ್‌ನಲ್ಲಿ ಕೂರಿಸಿ, ದೀಪ ಹಾಕಿ, ನೀವು ಹೊರಗೆ ಹೋಗಿ ಫೋಟೋ ತೆಗೆಯಿರಿ. ವಾದ ಅಲ್ಲಿಗೇ ಮುಗಿಯುತ್ತದೆ. ಪರಿಹಾರ ಅಂದರೆ ಎರಡು ರಾಡಿನ ಬ್ರ್ಯಾಕೆಟ್. ಗಾಜಿನ ಕಡೆಯ ರಾಡಿಗೆ ನೆಟ್, ಕೋಣೆ ಕಡೆಯ ರಾಡಿಗೆ ದಪ್ಪ ಪರದೆ. ಹಗಲು ದಪ್ಪದ್ದು ಪಕ್ಕಕ್ಕೆ, ದೀಪ ಹಾಕುವ ಹೊತ್ತಿಗೆ ಅದನ್ನು ಎಳೆದುಬಿಡುವುದು. ಬಟ್ಟೆ ಬದಲಾಯಿಸುವ ಕೋಣೆಗೆ ಬರೀ ನೆಟ್ ಹಾಕಿ ಬಿಡಲೇಬೇಡಿ.

ಪ್ರಶ್ನೆ: ನಮ್ಮ ಮನೆಯ ನೆಟ್ ಹಳದಿಯಾಗಿತ್ತು. ಬಿಳಿಯಾಗಲಿ ಅಂತ ಬಕೆಟ್‌ಗೆ ಬ್ಲೀಚ್ ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ಇನ್ನೂ ಹಳದಿ! ಒಂದು ಕಡೆ ಕೈಯಲ್ಲಿ ಹಿಡಿದರೆ ಪಿಸಿದೂ ಹೋಯಿತು. ಏನು ತಪ್ಪು ಮಾಡಿದೆ?

ಉತ್ತರ: ಅಯ್ಯೋ. ನಿಮ್ಮದು ನೈಲಾನ್ ನೆಟ್ ಇರಬೇಕು. ಕ್ಲೋರಿನ್ ಬ್ಲೀಚ್ ನೈಲಾನನ್ನು ಹಳದಿ ಮಾಡುತ್ತದೆ, ಎಳೆಯನ್ನೂ ದುರ್ಬಲ ಮಾಡುತ್ತದೆ. ಅದರ ಮೇಲೆ ವರ್ಷಗಟ್ಟಲೆ ಬಿಸಿಲಿಗೆ ಕೂತಿದ್ದ ಬಟ್ಟೆ ಮೊದಲೇ ಸೋತಿರುತ್ತದೆ. ಪಿಸಿದದ್ದಕ್ಕೆ ನಾನೇನೂ ಮಾಡಲಾರೆ, ಹೊಸದು ತನ್ನಿ. ಮುಂದಿನದಕ್ಕೆ ಈ ಮಾತು ಉಪಯೋಗಕ್ಕೆ ಬರುತ್ತದೆ.

ಅಂಗಡಿಯಲ್ಲಿ ಹೊಸ ನೆಟ್ ಅಷ್ಟು ಬೆಳ್ಳಗೆ ಕಾಣುತ್ತದಲ್ಲ, ಆ ಬಿಳಿ ಪೂರ್ತಿ ಬಟ್ಟೆಯದ್ದಲ್ಲ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕು ಬಿಡುವ ಒಂದು ಥರದ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ನೀಲಿ ಸೇರಿದರೆ ಹಳದಿ ಮುಚ್ಚಿಹೋಗುತ್ತದೆ, ಬಿಳಿ ಬಟ್ಟೆಗೆ ನೀಲಿ ಹಾಕುವುದೂ ಇದೇ ಕಾರಣಕ್ಕೆ. ದಿನಾ ಬಿಸಿಲು ಬಿದ್ದು ಆ ರಾಸಾಯನಿಕ ಸಾಯುತ್ತದೆ. ಜೊತೆಗೆ ಧೂಳು, ಅಡುಗೆಮನೆಯ ಜಿಡ್ಡು, ಯಾರಾದರೂ ಸಿಗರೇಟು ಸೇದುವವರಿದ್ದರೆ ಆ ಹೊಗೆ. ಧೂಳು ಜಿಡ್ಡು ಒಗೆದರೆ ಹೋಗುತ್ತದೆ, ಬಿಸಿಲಿನ ಹಳದಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹಾಗಾಗಿ ಹಳದಿಯಾಗುವ ಮೊದಲೇ ಒಗೆಯಬೇಕು, ಮೂರು ತಿಂಗಳಿಗೊಮ್ಮೆಯಾದರೂ. ಕೊಕ್ಕೆ ಎಲ್ಲ ತೆಗೆದು, ಮೊದಲು ಬರೀ ತಣ್ಣೀರಲ್ಲಿ ಅದ್ದಿ. ನೀರು ಕೆಸರು ಬಣ್ಣಕ್ಕೆ ತಿರುಗುವುದನ್ನು ನೋಡಿದರೆ ನಿಮಗೇ ಗಾಬರಿಯಾಗುತ್ತದೆ. ಆ ನೀರು ಚೆಲ್ಲಿ, ಇನ್ನೊಮ್ಮೆ ಅದ್ದಿ, ಆಮೇಲೆ ಸೋಪಿನ ಪುಡಿ. ಮಷೀನಿಗೆ ಹಾಕುವುದಾದರೆ ಒಂದು ದಿಂಬಿನ ಕವರಿನೊಳಗೆ ತುರುಕಿ ಬಾಯಿ ಕಟ್ಟಿ ಹಾಕಿ, 30 ಡಿಗ್ರಿ ನೀರು, ಮೆದು ಬಟ್ಟೆಯ ಸೆಟ್ಟಿಂಗು. ಬಿಸಿನೀರಲ್ಲಿ ಒಗೆದು ಜೋರಾಗಿ ತಿರುಗಿಸಿದರೆ ಪಾಲಿಯೆಸ್ಟರ್‌ಗೆ ಸುಕ್ಕು ಬಿದ್ದು ಅಲ್ಲೇ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಬಿಡಿಸಲು ಕಷ್ಟ. ಬಿಳಿ ಮಾಡಲೇಬೇಕು ಅಂದರೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಪುಡಿ ಸಿಗುತ್ತದೆ, ಪೊಟ್ಟಣದ ಮೇಲಿನ ಅಳತೆಯಂತೆ ಅದರಲ್ಲಿ ನೆನೆಸಿ.

ಹಿಂಡಬೇಡಿ. ನೀರು ಸೋರಲು ಬಿಟ್ಟು, ಇನ್ನೂ ತೇವ ಇರುವಾಗಲೇ ತಂದು ರಾಡಿಗೆ ಏರಿಸಿ. ತನ್ನ ಭಾರಕ್ಕೆ ತಾನೇ ಇಳಿದು ಸುಕ್ಕು ಬಿಡಿಸಿಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ನಾನು ಒಮ್ಮೆ ತಂದು, ಇಸ್ತ್ರಿ ಪೆಟ್ಟಿಗೆಯ ಆಕಾರದ ಒಂದು ಹೊಸ ಕಿಟಕಿ ಮಾಡಿಕೊಂಡೆ.

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಎರಡು ಹಳೇ ಲೇಸ್ ಪರದೆ ಸಿಕ್ಕಿವೆ, ಹತ್ತಿಯದ್ದು, ತುಂಬ ಸೂಕ್ಷ್ಮ ಕೆಲಸ. ಕೈಯಲ್ಲಿ ಹೆಣೆದದ್ದು ಅಂತ ಅಮ್ಮ, ಮಷೀನಿನದ್ದು ಅಂತ ಅಣ್ಣ. ಇದನ್ನು ಈಗ ಬಳಸಬಹುದಾ?

ಉತ್ತರ: ಫೋಟೋ ನೋಡಿದೆ. ಕಿಟಕಿಯಷ್ಟು ದೊಡ್ಡದು, ಜೋಡಣೆಯೇ ಇಲ್ಲ, ಎರಡರಲ್ಲೂ ಒಂದೇ ಎಲೆ ಒಂದೇ ಜಾಗದಲ್ಲಿ. ಅಣ್ಣನ ಮಾತೇ ನಿಜ ಇರಬೇಕು, ಅಮ್ಮನಿಗೆ ಮೆಲ್ಲಗೆ ಹೇಳಿ. ಆದರೆ ಮಷೀನಿನದ್ದು ಅಂದ ಮಾತ್ರಕ್ಕೆ ಸಣ್ಣದಲ್ಲ, ಅದಕ್ಕೂ ಒಂದು ದೊಡ್ಡ ಕಥೆಯಿದೆ.

ಮೊದಲು ಲೇಸ್ ಅಂದರೆ ಕೈಕೆಲಸವೇ. ಬೆರಳಗಲದ ಪಟ್ಟಿಗೇ ದಿನಗಟ್ಟಲೆ ಹಿಡಿಯುತ್ತಿತ್ತು, ಅದನ್ನು ಕಿಟಕಿಗೆ ಕಟ್ಟುವಷ್ಟು ದೊಡ್ಡದಾಗಿ ಮಾಡಿಸಲು ಸಿರಿವಂತರಿಗೇ ಸಾಧ್ಯ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬಾತ 1808ರಲ್ಲಿ ನೆಟ್ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದ, ಮರುವರ್ಷ ಅದನ್ನು ಇನ್ನಷ್ಟು ತಿದ್ದಿದ. ಆರು ಮೂಲೆಯ ಕಣ್ಣಿನ ಆ ನೆಟ್ಟಿಗೆ ಈಗಲೂ ಬಾಬಿನೆಟ್ ಅನ್ನುತ್ತಾರೆ. ಎಲ್ಲರಿಗೂ ಅದು ಹಿಡಿಸಲಿಲ್ಲ: 1816ರಲ್ಲಿ ಲಡೈಟರು, ಅಂದರೆ ಯಂತ್ರಗಳನ್ನು ಒಡೆಯುತ್ತಿದ್ದ ಕೆಲಸಗಾರರು, ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಪುಡಿ ಮಾಡಿದರು. ಅವನು ಗಂಟುಮೂಟೆ ಕಟ್ಟಿಕೊಂಡು ದೂರದ ಟಿವರ್ಟನ್‌ಗೆ ಹೋದ. ಇವತ್ತು ನಾವು ನೆಟ್ ಹಳೇದೋ ಹೊಸದೋ ಅಂತ ಜಗಳ ಮಾಡುತ್ತೇವೆ, ಆಗ ಅದಕ್ಕಾಗಿ ಸುತ್ತಿಗೆಯನ್ನೇ ಎತ್ತಿದ್ದರು ನೋಡಿ. ಆಮೇಲೆ 1846ರಲ್ಲಿ ನಾಟಿಂಗ್‌ಹ್ಯಾಮ್‌ನ ಜಾನ್ ಲಿವ್ಸೆ ಲೇಸ್ ಪರದೆಗಳಿಗೆಂದೇ ಯಂತ್ರ ಮಾಡಿದ, ಅಲ್ಲಿಂದ ನಾಟಿಂಗ್‌ಹ್ಯಾಮ್ ಲೇಸ್ ಸಾಮಾನ್ಯರ ಮನೆಯ ಕಿಟಕಿಗೂ ಬಂತು. ಇಂಥ ಲೇಸನ್ನು ಈಗಲೂ ನೇಯುವ ಮಿಲ್ ಸ್ಕಾಟ್ಲೆಂಡಿನ ನ್ಯೂಮಿಲ್ನ್ಸ್‌ನಲ್ಲಿದೆ. ಕಾಲ ಮುಗಿಯಿತು ಅಂತ ಬರೆದವಳಿಗೆ ಇದೂ ಒಂದು ಏಟು.

ಹತ್ತಿ ನೆಟ್ಟನ್ನು ಮೂಲೆಗೆ ತಳ್ಳಿದ್ದು ಪಾಲಿಯೆಸ್ಟರ್. ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು 1941ರಲ್ಲಿ ಟೆರಿಲೀನ್ ಎಂಬ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. ಕುಗ್ಗುವುದಿಲ್ಲ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಹತ್ತಿ ಲೇಸನ್ನು ಒಗೆಯುವುದೆಂದರೆ ಗಂಜಿ ಹಾಕು, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸು ಅಂತ ಒಂದು ದಿನದ ಕೆಲಸ. ಯಾರು ಮಾಡುತ್ತಾರೆ?

ನಿಮ್ಮದನ್ನು ಬಿಸಿಲು ನೇರ ಬೀಳುವ ಕಿಟಕಿಗೆ ಹಾಕಬೇಡಿ. ಮಷೀನಿಗಂತೂ ಬೇಡವೇ ಬೇಡ. ಒಂದು ಬಿಳಿ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಟಬ್ಬಿಗೆ ಇಳಿಸಿ, ಕೈಯಲ್ಲಿ ಒತ್ತಿ ಒಗೆದು, ಟವೆಲ್ ಸಮೇತವೇ ಎತ್ತಿ. ಒದ್ದೆ ಹತ್ತಿಯ ಭಾರಕ್ಕೇ ಹಳೇ ಎಳೆ ಹರಿಯುತ್ತದೆ. ನಾನಾಗಿದ್ದರೆ ಎರಡರಲ್ಲಿ ಒಂದನ್ನು ಅರ್ಧ ಕಿಟಕಿಗೆ ಹಾಕುತ್ತಿದ್ದೆ: ಕಿಟಕಿಯ ಮಧ್ಯಕ್ಕೆ ತೆಳು ರಾಡು, ಕೆಳಗಿನ ಅರ್ಧಕ್ಕೆ ಮಾತ್ರ ಲೇಸ್, ಮೇಲೆ ಆಕಾಶ ಕಾಣುವ ಹಾಗೆ. ಎಷ್ಟು ಹೂವಿದ್ದರೂ ಅಲ್ಲಿ ಜಾಸ್ತಿ ಅನ್ನಿಸುವುದಿಲ್ಲ.

ಪ್ರಶ್ನೆ: ಕಪ್ಪು ನೆಟ್ ಹಾಕಿದರೆ ಹೇಗೆ? ಮನೆ ಕತ್ತಲಾಗುತ್ತದಾ?

ಉತ್ತರ: ಸ್ವಲ್ಪ ಆಗುತ್ತದೆ. ಆದರೆ ಕಪ್ಪು ನೆಟ್ಟಿನಲ್ಲಿ ಹೊರಗಿನ ನೋಟ ಬಿಳಿಯದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ ಅಂದರೆ ನಂಬುತ್ತೀರಾ? ಬಿಳಿ ಎಳೆ ಬೆಳಕನ್ನು ಕಣ್ಣಿಗೆ ತಿರುಗಿಸಿ ಹೊಡೆಯುತ್ತದೆ, ನಡುವೆ ಮಂಜು ಕವಿದ ಹಾಗೆ. ಕಪ್ಪು ಎಳೆ ಬೆಳಕನ್ನು ನುಂಗಿಕೊಂಡು ಸುಮ್ಮನಿರುತ್ತದೆ, ಕಣ್ಣು ಅದನ್ನು ದಾಟಿ ಹೊರಗೆ ಹೋಗುತ್ತದೆ. ಕಿಟಕಿಯಾಚೆ ಮರವೋ ಕೆರೆಯೋ ಇದ್ದು ಅದನ್ನು ನೋಡುತ್ತ ಕೂರುವ ಆಸೆಯಿದ್ದರೆ ಕಪ್ಪು ಅಥವಾ ಗಾಢ ಬೂದು. ಎದುರು ಗೋಡೆಯಿದ್ದು ಅದು ಮರೆಯಾಗಲಿ ಅಂತಿದ್ದರೆ ಬಿಳಿ. ಹಗಲು ಹೊರಗಿನವರಿಂದ ಮರೆಯಾಗಿರಲೂ ಬಿಳಿಯೇ ವಾಸಿ.

ಪ್ರಶ್ನೆ: ನೆಟ್ ಹಾಕಿದರೆ ಕೋಣೆ ತಂಪಾಗಿರುತ್ತದೆ ಅಂತ ಅಂಗಡಿಯವರು ಹೇಳಿದರು. ಹೌದಾ?

ಉತ್ತರ: ಕಣ್ಣಿಗೆ ತಂಪು, ಮೈಗೆ ಅಷ್ಟೇನಿಲ್ಲ. ಗಾಜು ದಾಟಿ ಬಿಸಿಲು ಒಳಗೆ ಬಂದ ಮೇಲೆ ನೆಟ್ ಅದನ್ನು ಸ್ವಲ್ಪ ಮಾತ್ರ ವಾಪಸ್ ಕಳಿಸುತ್ತದೆ, ಉಳಿದದ್ದು ಕೋಣೆಯಲ್ಲೇ ಉಳಿಯುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು, ಸಜ್ಜಾನೋ ಮರವೋ ಹೊರಗೆ ಇಳಿಬಿಟ್ಟ ಬಿದಿರಿನ ಪರದೆಯೋ ಇದ್ದರೆ ಆಗ ತಂಪು. ಇನ್ನೊಂದು ವಿಷಯ: ತೆಳು ಬಟ್ಟೆ ಗಾಳಿಗೆ ಹಾರಿ ಎಲ್ಲಿ ಬೀಳುತ್ತದೆ ಅಂತ ನೋಡಿಕೊಳ್ಳಿ. ಒಲೆ, ಮೇಣದಬತ್ತಿ, ಹೀಟರ್ ಹತ್ತಿರ ನೆಟ್ ಬೇಡ. ಪಾಲಿಯೆಸ್ಟರ್ ಹೊತ್ತಿದರೆ ಕರಗಿ ತೊಟ್ಟಿಕ್ಕುತ್ತದೆ, ಆ ಸುಟ್ಟಗಾಯ ಬಹಳ ಕೆಟ್ಟದ್ದು.

ಪ್ರಶ್ನೆ: ನಮ್ಮ ಬೆಕ್ಕು ನೆಟ್ ಹತ್ತಿ ರಾಡಿನವರೆಗೂ ಹೋಗುತ್ತದೆ. ಏನಾದರೂ ಉಪಾಯ?

ಉತ್ತರ: ದೊಡ್ಡ ಕಣ್ಣಿನ ನೆಟ್ ಬೆಕ್ಕಿಗೆ ಏಣಿ ಇದ್ದ ಹಾಗೆ. ವಾಯ್ಲ್ ಅಂತ ಒತ್ತಾಗಿ ನೇಯ್ದ ತೆಳು ಬಟ್ಟೆ ಬರುತ್ತದೆ, ಅದನ್ನು ಹಾಕಿ, ಉಗುರಿಗೆ ಹಿಡಿತ ಕಡಿಮೆ. ಬೆಕ್ಕಿಗೆ ಹೇಳಿ ನೋಡಿದಿರಾ ಅಂತ ಕೇಳುವುದಿಲ್ಲ, ನಮ್ಮ ಮನೆಯಲ್ಲೂ ಒಂದಿದೆ.

ಪ್ರಶ್ನೆ: ಅಳತೆ ಕೊಟ್ಟು ಹೊಲಿಸಿದ ನೆಟ್ ಮೂರು ಇಂಚು ಗಿಡ್ಡವಾಗಿ ಬಂದಿದೆ. ಟೈಲರ್ ನನ್ನ ಅಳತೆಯೇ ತಪ್ಪು ಅನ್ನುತ್ತಾರೆ. ಎಂಟು ಪರದೆ! ಎಸೆಯಲು ಮನಸ್ಸಿಲ್ಲ.

ಉತ್ತರ: ಎಸೆಯಬೇಡಿ. ಮೊದಲು ಕೆಳಗಿನ ಮಡಿಕೆ ನೋಡಿ, ಎರಡು ಸುತ್ತು ಮಡಚಿ ಹೊಲಿದಿದ್ದರೆ ಬಿಚ್ಚಿದಾಗ ಎರಡು ಮೂರು ಇಂಚು ಅಲ್ಲೇ ಸಿಗುತ್ತದೆ. ಅದಿಲ್ಲದಿದ್ದರೆ ಕ್ಲಿಪ್ಪಿರುವ ರಿಂಗ್ ಹಾಕಿ ತೂಗುಬಿಡಿ, ಅದೊಂದು ಇಂಚು ಇಳಿಸುತ್ತದೆ. ಅದೂ ಸಾಲದಿದ್ದರೆ ದಪ್ಪ ಪರದೆಯ ಬಣ್ಣದ್ದೇ ಹತ್ತಿ ಬಟ್ಟೆ ತಂದು ಕೆಳಗೆ ಗೇಣಗಲದ ಪಟ್ಟಿ ಕೊಡಿಸಿ, ಅದಕ್ಕೆ ಹೊಂದುವಷ್ಟು ನೆಟ್ಟನ್ನು ಕತ್ತರಿಸಿಕೊಳ್ಳಿ. ಪಟ್ಟಿ ಇನ್ನೂ ಚಿಕ್ಕದಾದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ, ಗೇಣಗಲ ಇದ್ದರೆ ಬೇಕಂತಲೇ ಮಾಡಿಸಿದ್ದು ಅನ್ನುತ್ತಾರೆ. ಪಟ್ಟಿಯ ಭಾರಕ್ಕೆ ಗಾಳಿಗೆ ಹಾರುವುದೂ ಕಡಿಮೆಯಾಗುತ್ತದೆ. ನಮ್ಮ ಹಾಲ್‌ನ ಪರದೆಗೆ ನಾನು ಮಾಡಿಸಿರುವುದು ಇದನ್ನೇ. ಮನೆಗೆ ಬಂದವರೆಲ್ಲ "ಡಿಸೈನ್ ಚೆನ್ನಾಗಿದೆ" ಅನ್ನುತ್ತಿದ್ದರು. ಇದನ್ನು ಓದಿದ ಮೇಲೆ ಇನ್ನು ಅನ್ನುವುದಿಲ್ಲ.